ಗಾಳ ದೂರ ಹೋಗಲಿ, ಕೊಕ್ಕೆ ಎಣಿಕೆಯಲ್ಲಿರಲಿ

ದಡದಲ್ಲಿ ನಿಂತು ಸಮುದ್ರಕ್ಕೆ ಗಾಳ ಎಸೆಯುವವನ ತೊಂದರೆ ಒಂದೇ. ತೋಳಿನ ಬಲಕ್ಕೆ ಮಿತಿ ಇದೆ. ಎರೆ ಕಟ್ಟಿದ ಗಾಳವನ್ನು ನೂರು ಮೀಟರು ದಾಟಿಸುವುದೇ ದೊಡ್ಡದು. ದೊಡ್ಡ ಮೀನು ಅದರಾಚೆ. ಈ ದೂರ ದಾಟಲು ಜನ ಮಾಡಿದ ಉಪಾಯಗಳನ್ನು ಮಗ ಮೊಬೈಲಿನಲ್ಲಿ ತೋರಿಸಿದ. ಆಮೇಲೆ ನಾನೂ ಹುಡುಕಿ ಓದಿದೆ. ಬಯಲುಸೀಮೆಯ ನಮಗೂ ಇದರಲ್ಲಿ ಯೋಚಿಸುವಂಥದ್ದು ಇದೆ ಅನ್ನಿಸಿ ಬರೆಯುತ್ತಿದ್ದೇನೆ.

ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪದವರದು ಹಳೇ ಉಪಾಯ, ಗಾಳಿಪಟ. ತಾಳೆ ಜಾತಿಯ ಮರದ ಗರಿಯಿಂದ ಪಟ ಕಟ್ಟಿ ಸಣ್ಣ ದೋಣಿಯಿಂದ ಹಾರಿಸುತ್ತಾರೆ. ಪಟದಿಂದ ಇಳಿಬಿಟ್ಟ ದಾರದ ತುದಿಗೆ ಕೊಕ್ಕೆಯೇ ಇಲ್ಲ! ಜೇಡರ ಬಲೆಯ ಉಂಡೆ ಅಷ್ಟೆ. ಅದು ನೀರಿನ ಮೇಲೆ ಕುಣಿಯುತ್ತಾ ಹೋಗುತ್ತೆ. ಕೊಕ್ಕಿನಂಥ ಉದ್ದ ಬಾಯಿಯ ಮೀನು ಅದನ್ನು ಕಚ್ಚಿದರೆ ಸಣ್ಣ ಹಲ್ಲುಗಳು ಎಳೆಗೆ ಸಿಕ್ಕಿಕೊಳ್ಳುತ್ತವೆ. ದೋಣಿಯ ನೆರಳಿಗೆ ಬೆದರುವ ಮೀನು ಹೀಗೆ ದೂರದಲ್ಲೇ ಕೈಗೆ ಬರುತ್ತೆ. ಖರ್ಚು ಎಷ್ಟು? ಗರಿ, ಜೇಡರ ಬಲೆ, ಗಾಳಿ.

ನ್ಯೂಜಿಲೆಂಡಿನಲ್ಲಿ ದಡದಿಂದಲೇ ಪಟ ಬಿಡುವವರಿದ್ದಾರೆ. ಗಾಳಿ ನೆಲದಿಂದ ಕಡಲಿನ ಕಡೆ ಬೀಸಬೇಕು. ಪಟ ಎಳೆದಂತೆ ಸಾಲುಗಾಳದ ದಾರ ಒಳಗೆ ಹೋಗುತ್ತೆ. ಗಾಳಿ ಇಲ್ಲದ ದಿನಕ್ಕೆ 'ಕೊಂಟಿಕಿ' ಎಂಬ ಬ್ಯಾಟರಿ ಮೋಟಾರಿನ ಪುಟ್ಟ ತೆಪ್ಪ ಇದೆ. ದಾರವನ್ನು ಕಿಲೋಮೀಟರಿಗೂ ಆಚೆ ಎಳೆದೊಯ್ಯುತ್ತೆ. ಆದರೆ ಹವ್ಯಾಸಕ್ಕೆ ಹಿಡಿಯುವವನು ಒಂದು ದಾರಕ್ಕೆ 25ಕ್ಕಿಂತ ಹೆಚ್ಚು ಕೊಕ್ಕೆ ಕಟ್ಟುವಂತಿಲ್ಲ, ಅದು ಅಲ್ಲಿನ ಕಾನೂನು.

ಕೆಲವರು ದಾರಕ್ಕೆ ಬಲೂನು ಕಟ್ಟಿ ಗಾಳಿಗೆ ಬಿಡುತ್ತಾರೆ. ಅಗ್ಗದ ಉಪಾಯವೇನೋ ಹೌದು. ಆದರೆ ಕಿತ್ತುಹೋದ ಬಲೂನು ಕಡಲಾಮೆಯ, ಹಕ್ಕಿಯ ಹೊಟ್ಟೆ ಸೇರಿ ಪ್ರಾಣ ತೆಗೆಯುತ್ತೆ. ಇದು ನನಗೆ ಒಪ್ಪಿಗೆಯಿಲ್ಲ.

ಈಗ ಡ್ರೋನ್ ಬಂದಿದೆ. ಎರೆಯನ್ನು ಹೊತ್ತು ಹಾರಿ, ಬೇಕಾದ ಕಡೆ ಬೀಳಿಸಿ ವಾಪಸು ಬರುತ್ತೆ. ದಕ್ಷಿಣ ಆಫ್ರಿಕದ ಮೀನುಗಾರಿಕೆ ಇಲಾಖೆ 2022ರ ಫೆಬ್ರವರಿಯಲ್ಲಿ, ಹವ್ಯಾಸದ ಗಾಳಕ್ಕೆ ಡ್ರೋನ್ ಬಳಸುವಂತಿಲ್ಲ ಎಂದು ಖಡಕ್ಕಾಗಿ ಪ್ರಕಟಣೆ ಹೊರಡಿಸಿತು. ಗಾಳ ಕೈಯಲ್ಲೇ ನಡೆಯಬೇಕು ಅನ್ನುವುದು ಅಲ್ಲಿನ ನಿಯಮ.

"ದೋಣಿ ಕೊಳ್ಳಲಾಗದವನು ಇಂಥ ಉಪಾಯ ಮಾಡಿದರೆ ತಪ್ಪೇನು?" ಅಂತ ಕೇಳಬಹುದು. ತಪ್ಪಿಲ್ಲ. ನಾನು ಹೊಸ ಉಪಕರಣದ ವಿರೋಧಿಯೂ ಅಲ್ಲ. ಆದರೆ ದಡದ ಗಾಳಕ್ಕೆ ಎಟುಕದ ನೀರು ಮೀನಿಗೆ ಬಿತ್ತನೆ ಬೀಜದ ಹಗೇವು ಇದ್ದ ಹಾಗೆ. ಅಷ್ಟು ದಿನ ದೂರವೇ ಅದಕ್ಕೆ ಬೀಗ. ಬೀಗ ತೆಗೆಯುವ ಉಪಕರಣ ಬಂದಾಗ ಲೆಕ್ಕವೂ ಜೊತೆಗೇ ಬರಬೇಕು. ಎಷ್ಟು ದೂರ ಬೇಕಾದರೂ ಹೋಗು, ಕೊಕ್ಕೆ ಮಾತ್ರ ಎಣಿಸಿ ಕಟ್ಟು ಅನ್ನುವ ಕ್ರಮ ನನಗೆ ಹಿಡಿಸಿತು. ಎಣಿಸುವವರು ಇಲ್ಲದ ಕಡೆ ನಿಷೇಧವೇ ಸರಿ.

ನಮ್ಮಲ್ಲಿ ಏನಾಯಿತು ನೋಡಿ. ಕೊಳವೆಬಾವಿಯೂ ದೂರ ಬಿಡುವ ಗಾಳವೇ. ಅದು ಕೆಳಮುಖ, ಅಷ್ಟೇ ವ್ಯತ್ಯಾಸ. ತೆರೆದ ಬಾವಿಯ ಕಾಲದಲ್ಲಿ ಆಳದ ನೀರು ಯಾರ ಕೈಗೂ ಎಟುಕುತ್ತಿರಲಿಲ್ಲ. ರಿಗ್ಗು ಬಂತು, ಲೆಕ್ಕ ಬರಲಿಲ್ಲ. ನಮ್ಮ ಸುತ್ತಲ ಊರುಗಳಲ್ಲಿ ಇನ್ನೂರು ಅಡಿಗೆ ಸಿಗುತ್ತಿದ್ದ ನೀರಿಗೆ ಈಗ ಸಾವಿರ ಅಡಿ ಇಳಿಸುತ್ತಿದ್ದಾರೆ. ಅಂತರ್ಜಲಕ್ಕೆಂದು ರಾಜ್ಯದಲ್ಲಿ 2011ರ ಕಾಯ್ದೆ ಇದೆ. ಅಷ್ಟರೊಳಗೆ ಎಷ್ಟೋ ತೋಟ ಒಣಗಿದ್ದವು.

ಕಾಯ್ದೆ ಊರೊಳಗೆ ಬಂದು ಎಣಿಸುವುದಿಲ್ಲ, ನಾವೇ ಎಣಿಸಬೇಕು. ಊರಿನಲ್ಲಿ ಎಷ್ಟು ಬಾವಿ, ಯಾವ ಬೆಳೆಗೆ ಎಷ್ಟು ನೀರು, ಎಷ್ಟು ಇಂಗಿಸಿದ್ದೇವೆ ಅನ್ನುವ ಲೆಕ್ಕವನ್ನು ಮುಂದಿನ ಗ್ರಾಮಸಭೆಯಲ್ಲಿ ಬರೆಸಿ. ಇನ್ನೊಂದು ಬಾವಿಯ ಮಾತು ಆಮೇಲೆ.