ತೂಬಿಗೆ ಕಾವಲಿತ್ತು, ನಿಮ್ಮ ನಲ್ಲಿಗೆ ಯಾರಿದ್ದಾರೆ?

ಗೆಳೆಯರೇ, ಭಾನುವಾರ ಬೆಳಿಗ್ಗೆ ಬೈಕ್ ಏರಿ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವಾಗ ತೂಬಗೆರೆಯ ಬೋರ್ಡು ನೋಡಿಯೇ ಇರುತ್ತೀರಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಅದು. ಬೋರ್ಡು ಕನ್ನಡದಲ್ಲಿದೆಯೋ ಇಲ್ಲವೋ ಎಂದು ನೋಡುವ ಕಣ್ಣು ನಮಗಿದೆ, ಸಂತೋಷ. ಆದರೆ ಅಲ್ಲಿರುವ ಮಾತು? ತೂಬು ಎಂದರೇನು, ಗೊತ್ತೇ?

ಕೆರೆ ಏರಿಯ ಅಡಿಯಿಂದ ಗದ್ದೆಗೆ ನೀರು ಬಿಡುವ ಕಿಂಡಿಯೇ ತೂಬು. ಅದನ್ನು ತೆಗೆಯುವ, ಮುಚ್ಚುವ ಕೆಲಸ ನೀರುಗಂಟಿಯದು. ಮಳೆ ಕೈಕೊಟ್ಟ ವರ್ಷ ಎಷ್ಟು ಗದ್ದೆಗೆ ನೀರು, ಯಾರಿಗೆ ಯಾವ ಹೊತ್ತು ಎಂದು ಲೆಕ್ಕ ಹಾಕಿ ಬಿಡುತ್ತಿದ್ದವನು ಅವನು. ಸುಗ್ಗಿಯಲ್ಲಿ ಊರು ಅವನಿಗೆ ಕಾಳು ಅಳೆಯುತ್ತಿತ್ತು. ನೀರಿಗೆ ನಿರ್ಬಂಧ ಎಂಬುದು ನಮಗೆ ಹೊಸದಲ್ಲ ಸ್ವಾಮಿ, ನಮ್ಮ ಅಜ್ಜಂದಿರು ಬಾಳಿದ ರೀತಿಯೇ ಅದು!

ಈಗ ಬೆಂಗಳೂರಿಗೆ ಬನ್ನಿ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಕೈಯೆತ್ತಿದಾಗ ಜಲಮಂಡಳಿ ಆದೇಶ ಹೊರಡಿಸಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆಯಬೇಡಿ, ಕೈತೋಟಕ್ಕೆ, ಕಟ್ಟಡಕ್ಕೆ, ಕಾರಂಜಿಗೆ ಬಿಡಬೇಡಿ. ತಪ್ಪಿದರೆ 5,000 ರೂಪಾಯಿ ದಂಡ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂತು, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ಇನ್ನೇನು ಚಿಂತೆ ಎಂದುಕೊಂಡೆವು. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ, ಅದೇ ದಂಡ! ಎಷ್ಟು ತಂದರೂ ಸಾಲದ ಊರು ಇದು.

ಕಾವೇರಿಗಾಗಿ ನಾವು ಬೀದಿಗಿಳಿದವರು. 2023ರ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಗಂಟಲು ಹರಿಯುವಂತೆ ಕೂಗಿದ್ದೇವೆ, ಕೂಗಬೇಕಾದದ್ದೇ. ಆದರೆ ಅವತ್ತು ಸಂಜೆ ಮನೆಗೆ ಬಂದು ಶವರ್ ಬಿಟ್ಟುಕೊಂಡು ಎಷ್ಟು ಹೊತ್ತು ನಿಂತಿರಿ? ಸರಳ ಲೆಕ್ಕ ಹೇಳುತ್ತೇನೆ. ಒಂದೂಕಾಲು ಕೋಟಿ ಜನ ದಿನಕ್ಕೆ ತಲಾ 10 ಲೀಟರ್ ಉಳಿಸಿದರೆ ವರ್ಷಕ್ಕೆ ಒಂದೂವರೆ ಟಿಎಂಸಿಗೂ ಮೀರುತ್ತದೆ. 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿಗೆಂದು ಹೆಚ್ಚುವರಿಯಾಗಿ ಎಣಿಸಿಕೊಟ್ಟದ್ದು 4.75 ಟಿಎಂಸಿ. ಒಂದೂವರೆ ಟಿಎಂಸಿಗೆ ಇನ್ನೆಷ್ಟು ವರ್ಷ ಕೋರ್ಟು ಅಲೆಯಬೇಕು, ನೀವೇ ಯೋಚಿಸಿ.

ಹತ್ತು ಲೀಟರ್ ಎಂದರೆ ಹಳೇ ಕಾಲದ ಫ್ಲಷ್ ಟ್ಯಾಂಕ್ ಒಂದು ಸಲ ಒತ್ತಿದಷ್ಟು. ಒಂದು ಲೀಟರ್ ತುಂಬಿದ ಬಾಟಲಿಯನ್ನು ಆ ಟ್ಯಾಂಕಿನೊಳಗೆ ಇಟ್ಟರೆ ಪ್ರತಿ ಸಲ ಒಂದು ಲೀಟರ್ ಉಳಿಯಿತು. ಆರ್‌ಒ ಯಂತ್ರ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಆ ಪೈಪಿನ ಕೆಳಗೆ ಬಕೆಟ್ ಇಡಿ, ನೆಲ ಒರೆಸಲು ಆಯಿತು. ಮೋಟಾರ್ ಹಾಕಿ ಮರೆತು, ಟ್ಯಾಂಕ್ ತುಂಬಿ ಬೀದಿಗೆ ಹರಿಯುವುದಂತೂ ನಮ್ಮ ಬಡಾವಣೆಗಳ ದಿನನಿತ್ಯದ ಜಲಪಾತ. 30-40ರ ಸೈಟಿನ ಪೂರ್ತಿ ತಾರಸಿ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು 2,800 ಲೀಟರ್. 2009ರಿಂದಲೇ ಬೆಂಗಳೂರಿನಲ್ಲಿ ಅಷ್ಟಳತೆಯ ಹೊಸ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ. ನಿಮ್ಮ ಮನೆಯ ಪೈಪು ಸಂಪಿಗೆ ಸೇರಿದೆಯೋ ಚರಂಡಿಗೋ, ಇವತ್ತೇ ಹತ್ತಿ ನೋಡಿ.

ತೂಬಗೆರೆಯ ಸೀಮೆಗೂ ನಿಮ್ಮ ನಲ್ಲಿಗೂ ಏನು ಸಂಬಂಧ ಎನ್ನುತ್ತೀರಾ? ನಂದಿ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಕೊಂಡು ಬರುವ ಅರ್ಕಾವತಿಯ ನೀರನ್ನೇ ಬೆಂಗಳೂರು 1890ರ ದಶಕದಿಂದ ಹೆಸರಘಟ್ಟದಲ್ಲಿ, 1930ರ ದಶಕದಿಂದ ತಿಪ್ಪಗೊಂಡನಹಳ್ಳಿಯಲ್ಲಿ ಹಿಡಿದು ಕುಡಿಯಿತು. ಕಾವೇರಿ ಬಂದದ್ದು 1974ರಲ್ಲಿ. ನೀರು ಕೊಟ್ಟ ಆ ತಾಲ್ಲೂಕಿನಲ್ಲೀಗ ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿದೆ. ಸಾವಿರ ಅಡಿ ಕೊರೆಸಿ, ಸಾಲ ತಲೆಗೆ ಕಟ್ಟಿಕೊಂಡು ಕೂತ ರೈತನಿಗೆ ಕಾವೇರಿಯೂ ಇಲ್ಲ, ಅರ್ಕಾವತಿಯೂ ಇಲ್ಲ.

ಕೊನೆಗೊಂದು ಕೆಲಸ. ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನೀರು ಉಳಿಸಿ ಎಂಬ ಚೀಟಿ ಅಂಟಿಸಿರುತ್ತಾರೆ, ಇಂಗ್ಲಿಷಿನಲ್ಲಿ! ಕಾರು ತೊಳೆಯುವ ಹುಡುಗ, ಪಾತ್ರೆ ತಿಕ್ಕುವ ಅಕ್ಕ, ಮೋಟಾರ್ ಹಾಕುವ ವಾಚ್‌ಮನ್ ಓದುವುದು ಯಾವ ಭಾಷೆ? ಈ ವಾರವೇ ಅದರ ಪಕ್ಕದಲ್ಲಿ ದಪ್ಪ ಅಕ್ಷರದ ಕನ್ನಡದ ಚೀಟಿ ಅಂಟಿಸಿ. ಮೋಟಾರ್ ಎಷ್ಟು ನಿಮಿಷ ಓಡಬೇಕು ಎಂಬುದನ್ನೂ ಅದರಲ್ಲೇ ಬರೆಯಿರಿ.