ಸೀನುವ ಮಗುವನ್ನು ಮನೆಯೊಳಗೆ ಕೂಡಿಹಾಕಬೇಡಿ

ಶಿವರಾತ್ರಿಗೆ ಚಳಿ ‘ಶಿವಶಿವಾ’ ಎನ್ನುತ್ತಾ ಹೊರಟುಹೋಗುತ್ತದೆ ಎನ್ನುವುದು ನಮ್ಮ ಕಡೆಯ ಮಾತು. ಚಳಿಯ ಜೊತೆ ನೆಗಡಿಯೂ ಹೋಗಬೇಕಲ್ಲ? ಎಷ್ಟೋ ಮನೆಗಳಲ್ಲಿ ಹೋಗುವುದಿಲ್ಲ. ಹೊಂಗೆ ಚಿಗುರಿ, ಬೇವು ಹೂ ಬಿಟ್ಟು, ಯುಗಾದಿ ಹತ್ತಿರವಾಗುತ್ತಿದ್ದಂತೆ ಮಗು ಹಾಸಿಗೆಯಿಂದ ಏಳುವಾಗಲೇ ಸಾಲಾಗಿ ಎಂಟು ಹತ್ತು ಸಲ ಸೀನುತ್ತದೆ. ಮೂಗಿನಿಂದ ತಿಳಿನೀರು, ಕಣ್ಣಲ್ಲಿ ನವೆ. ಜ್ವರ ಮಾತ್ರ ಇಲ್ಲ. ‘ಐಸ್‌ಕ್ರೀಂ ತಿಂದಿದ್ದಕ್ಕೆ’ ಎಂದು ಅಜ್ಜಿ, ‘ಬಿಸಿಲಲ್ಲಿ ಕುಣಿದಿದ್ದಕ್ಕೆ’ ಎಂದು ಅಪ್ಪ. ಎದುರಿಗೆ ವಾರ್ಷಿಕ ಪರೀಕ್ಷೆ. ಕೊನೆಗೆ ಮನೆಯವರೆಲ್ಲ ಸೇರಿ ತೀರ್ಪು ಕೊಡುತ್ತಾರೆ: ‘ನಾಳೆಯಿಂದ ಆಚೆ ಆಡೋಕೆ ಹೋಗೋದು ಬೇಡ.’

ಈ ತೀರ್ಪು ಸರಿಯೇ ಎನ್ನುವುದು ಈ ವಾರದ ಮಾತು.

ದೇವನಹಳ್ಳಿ ತಾಲ್ಲೂಕಿನ ನಲ್ಲೂರನ್ನೇ ತೆಗೆದುಕೊಳ್ಳಿ. ಸುಮಾರು 54 ಎಕರೆಯಲ್ಲಿ ಹರಡಿರುವ ಅಲ್ಲಿನ ಹುಣಸೆ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಇಡೀ ದೇಶದಲ್ಲಿ ಆ ಮನ್ನಣೆ ಪಡೆದ ಮೊದಲ ತಾಣ ಅದು. ನೂರಾರು ವರ್ಷ ಬಾಳಿದ ಹುಣಸೆ ಮರಗಳು ಇಂದಿಗೂ ಅಲ್ಲಿ ನಿಂತಿವೆ. ಮಕ್ಕಳಿಗೆ ಆಡಲು, ಮರ ಹತ್ತಿಳಿದ ಕಥೆಗಳನ್ನು ದೊಡ್ಡವರಿಂದ ಕೇಳಲು ಅದಕ್ಕಿಂತ ಒಳ್ಳೆಯ ಜಾಗ ಬೇಕೆ? ಆದರೆ ಇಂಥ ಊರಿನಲ್ಲಿ ಮಗು ಸೀನತೊಡಗಿದರೆ ಮೊದಲು ಬೆರಳು ಹೋಗುವುದು ಮರದ ಕಡೆಗೇ. ಮನೆ ಮುಂದಿನ ಹೊಂಗೆ ಅಂಗಳದ ತುಂಬ ಹೂ ಉದುರಿಸಿದರೆ ‘ಇದರದ್ದೇ ಕಾಟ, ಕಡಿಸಿಬಿಡೋಣ’ ಎನ್ನುವವರೂ ಇದ್ದಾರೆ.

ಕಾಣುವ ಹೂವು, ಕಾಣದ ಹೂವು

ಅಲರ್ಜಿಯ ಮಟ್ಟಿಗೆ ಒಂದು ಸುಲಭ ಸೂತ್ರವಿದೆ. ಬಣ್ಣ, ಪರಿಮಳ, ಜೇನು ಇರುವ ಹೂವು ದುಂಬಿಯನ್ನು ಕರೆಯಲು ಹುಟ್ಟಿದ್ದು. ಅದರ ಪರಾಗ ತೂಕದ್ದು, ಅಂಟಂಟು. ದುಂಬಿಯ ಮೈಗೆ ಅಂಟಿಕೊಂಡು ಹೋಗುತ್ತದೆ, ಗಾಳಿಯಲ್ಲಿ ಹೆಚ್ಚು ದೂರ ತೇಲುವುದಿಲ್ಲ. ಹುಣಸೆ, ಹೊಂಗೆ ಈ ಗುಂಪಿನವು. ಇನ್ನು ಕೆಲವು ಹೂಗಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅವು ಗಾಳಿಯನ್ನೇ ನಂಬಿವೆ. ಹಗುರವಾದ ಒಣ ಪುಡಿಯನ್ನು ಲೆಕ್ಕವಿಲ್ಲದಷ್ಟು ತೂರಿಬಿಡುತ್ತವೆ. ನಮ್ಮ ಮೂಗಿಗೆ ಬರುವುದು ಹೆಚ್ಚಾಗಿ ಈ ಪುಡಿ. ಹುಲ್ಲುಗಳು, ಸರ್ವೆ ಮರ, ಹೊಲದ ಬದುವಿನ ಹರಳು ಗಿಡ, ಮುಳ್ಳುದಂಟು, ಹಿಪ್ಪುನೇರಳೆ ಈ ಗುಂಪಿಗೆ ಸೇರಿದವು.

ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಪ್ರೊ. ಎಸ್. ಎನ್. ಆಗಾಶೆ ಮತ್ತು ಸಂಗಡಿಗರು 1980ರ ದಶಕದಲ್ಲಿ ಬೆಂಗಳೂರಿನ ಗಾಳಿಯಲ್ಲಿ ತೇಲುವ ಪರಾಗವನ್ನು ಹಿಡಿದು ಗುರುತಿಸಿದ್ದರು. ಅವರ ಪಟ್ಟಿಯಲ್ಲಿ ಮುಂದಿದ್ದವುಗಳಲ್ಲಿ ಸರ್ವೆ ಒಂದು. ಮತ್ತೊಂದು, ನಮಗೆಲ್ಲ ಚೆನ್ನಾಗಿ ಗೊತ್ತಿರುವ ಕಾಂಗ್ರೆಸ್ ಗಿಡ.

ಬಾಗಿಲ ಬುಡದ ಶತ್ರು

ಪಾರ್ಥೇನಿಯಂ ಎನ್ನುವ ಈ ಕಳೆಯ ತವರು ಅಮೆರಿಕ ಖಂಡ. ನಮ್ಮ ದೇಶದಲ್ಲಿ ಇದು 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಆಮೇಲೆ ಅದು ಬೆಳೆಯದ ಜಾಗ ಯಾವುದಿದೆ? ರಸ್ತೆ ಬದಿ, ಚರಂಡಿ, ಖಾಲಿ ಸೈಟು, ಶಾಲೆಯ ಕಾಂಪೌಂಡು. ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಬೆಂಗಳೂರಿನಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನವೊಂದು, ನೂರಕ್ಕೆ 7 ಮಂದಿಗೆ ಈ ಗಿಡದ ಪರಾಗದಿಂದ ಮೂಗಿನ ಅಲರ್ಜಿ ಇದೆಯೆಂದು ಹೇಳಿತು.

ವಸಂತವೊಂದೇ ಇದರ ಕಾಲವಲ್ಲ. ಮಳೆ ಬಿದ್ದ ಮೇಲೆ ಇದರ ಅಬ್ಬರ ಹೆಚ್ಚು. ಆದರೆ ತೋಟದ ನೀರು, ಚರಂಡಿಯ ಪಸೆ ಸಿಕ್ಕಲ್ಲಿ ಬೇಸಿಗೆಯಲ್ಲೂ ಬಿಳಿ ಹೂ ಬಿಡುತ್ತದೆ. ಆದ್ದರಿಂದ ಮಗು ಸೀನುತ್ತಿದ್ದರೆ ತಲೆಯೆತ್ತಿ ಮರ ನೋಡುವ ಮೊದಲು ತಲೆ ತಗ್ಗಿಸಿ ಮನೆಯ ಸುತ್ತ ನೆಲ ನೋಡಿ. ಈ ಗಿಡವನ್ನು ಹೂ ಬಿಡುವ ಮೊದಲೇ, ಮಳೆಯಾಗಿ ಮಣ್ಣು ಮೆತ್ತಗಿರುವಾಗ, ಬೇರುಸಹಿತ ಕೀಳಬೇಕು. ಕೀಳುವವರು ದೊಡ್ಡವರಾಗಿರಬೇಕು, ಕೈಗವಸು, ತುಂಬುತೋಳಿನ ಅಂಗಿ, ಮುಖಕ್ಕೆ ಬಟ್ಟೆ ಇರಬೇಕು. ಇದರ ಎಲೆ ತಗುಲಿದರೂ ಕೆಲವರಿಗೆ ಚರ್ಮವೆಲ್ಲ ಕೆರೆದು ದದ್ದೇಳುತ್ತದೆ. ಶ್ರಮದಾನದ ಹೆಸರಿನಲ್ಲಿ ಶಾಲಾ ಮಕ್ಕಳ ಬರಿಗೈಯಲ್ಲಿ ಕಾಂಗ್ರೆಸ್ ಗಿಡ ಕೀಳಿಸುವುದು ಬೇಡವೇ ಬೇಡ. ಕಿತ್ತ ಗಿಡಕ್ಕೆ ಮನೆ ಹತ್ತಿರ ಬೆಂಕಿ ಹಚ್ಚುವುದೂ ಬೇಡ. ಹೊಗೆ ಇನ್ನೊಂದು ಕಾಟ.

ನೆಗಡಿಯೋ, ಅಲರ್ಜಿಯೋ?

ಸಾಮಾನ್ಯ ನೆಗಡಿ ಮೈಕೈ ನೋವು, ಸಣ್ಣ ಜ್ವರದೊಂದಿಗೆ ಬಂದು, ಸಿಂಬಳ ಗಟ್ಟಿಯಾಗಿ, ವಾರ ಹತ್ತು ದಿನದಲ್ಲಿ ಹೋಗುತ್ತದೆ. ಅಲರ್ಜಿ ವಾರಗಟ್ಟಲೆ ಉಳಿಯುತ್ತದೆ, ಪ್ರತಿ ವರ್ಷ ಅದೇ ಕಾಲಕ್ಕೆ ಮರಳುತ್ತದೆ. ಜ್ವರವಿರುವುದಿಲ್ಲ, ನವೆ ಇರುತ್ತದೆ. ಮಗು ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆ ಮೂಡಿರಬಹುದು. ಕಣ್ಣಿನ ಕೆಳಗೆ ಕಪ್ಪು, ರಾತ್ರಿ ಬಾಯಿ ತೆರೆದು ಗೊರಕೆ, ಹಗಲು ತೂಕಡಿಕೆ. ‘ಓದುವಾಗ ಗಮನವಿಲ್ಲ’ ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳಿಗೆ ನಿಜವಾಗಿ ಇಲ್ಲದಿರುವುದು ನಿದ್ದೆ.

ಎಲ್ಲ ಅಲರ್ಜಿಯೂ ಪರಾಗದ್ದಲ್ಲ. ಎರಡು ವರ್ಷದೊಳಗಿನ ಕೂಸಿಗೆ ಪರಾಗದ ಅಲರ್ಜಿ ಅಪರೂಪ. ಕೆಲವು ಋತುಗಳಾದರೂ ಪರಾಗ ಸೋಕಿದ ಮೇಲೆಯೇ ಅದು ಬರುವುದು. ವರ್ಷವಿಡೀ, ಅದರಲ್ಲೂ ಹಾಸಿಗೆಯಲ್ಲಿರುವಾಗ ಸೀನುವ ಮಗುವಿಗೆ ದಿಂಬು, ಕಂಬಳಿಗಳಲ್ಲಿರುವ ಕಣ್ಣಿಗೆ ಕಾಣದ ಧೂಳುಹುಳುಗಳೇ ಕಾರಣವಿರಬಹುದು. ನಮ್ಮಲ್ಲಿ ಇದು ಬಲು ಸಾಮಾನ್ಯ. ಅಂಥ ಮಗುವನ್ನು ಹೊರಗೆ ಬಿಡದೆ ಅದೇ ಕೋಣೆಯಲ್ಲಿ ಕೂರಿಸಿದರೆ ಕಾಯಿಲೆಯ ಪಕ್ಕದಲ್ಲೇ ಕೂರಿಸಿದಂತೆ.

ಕಾರಣ ಹುಡುಕಲು ಗೋಡೆಯ ಕ್ಯಾಲೆಂಡರ್ ಸಾಕು. ಸೀನು ಹೆಚ್ಚಾದ ದಿನಕ್ಕೊಂದು ಗುರುತು ಹಾಕಿ. ಆ ದಿನ ಗಾಳಿ ಜೋರಿತ್ತೇ, ಅಟ್ಟ ಗುಡಿಸಿದಿರೇ, ಮನೆಯಲ್ಲಿ ಹುಣಸೆಹಣ್ಣು ಬಡಿದು ಬಿಡಿಸಿದ ಧೂಳಿತ್ತೇ, ಸಾಂಬ್ರಾಣಿ ಹಾಕಿದಿರೇ, ಒಂದೇ ಪದದಲ್ಲಿ ಬರೆಯಿರಿ. ಮೂರು ನಾಲ್ಕು ವಾರದಲ್ಲಿ ಚಿತ್ರ ಕಾಣತೊಡಗುತ್ತದೆ. ವೈದ್ಯರಿಗೂ ಈ ಹಾಳೆ ದೊಡ್ಡ ಸಹಾಯ. ಬೇಕೆನಿಸಿದರೆ ಅವರು ಚರ್ಮದ ಮೇಲೆ ಸಣ್ಣದಾಗಿ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆಗೆ ಹೇಳುತ್ತಾರೆ.

ಆಡಲು ಕಳಿಸಿ, ಹೀಗೆ ಕಳಿಸಿ

ಮಗುವಿನ ಆಟ ನಿಲ್ಲಿಸಬೇಕಿಲ್ಲ. ಹೊತ್ತು ಮತ್ತು ಜಾಗ ಬದಲಿಸಿದರೆ ಸಾಕು.

ಒಣಗಾಳಿ ಬೀಸುವ ದಿನ ಮೈದಾನ ಬೇಡ, ಮಳೆ ಹನಿದು ಧೂಳಡಗಿದ ದಿನ ಧಾರಾಳವಾಗಿ ಆಡಲಿ. ಕಳೆ ಬೆಳೆದ ಮೂಲೆ ಬಿಟ್ಟು ಬಯಲಲ್ಲಿ ಆಡಲಿ. ಬೈಕಿನಲ್ಲಿ ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಬೇಡಿ. ಎದುರುಗಾಳಿಯ ಧೂಳು, ಪರಾಗ ಎಲ್ಲ ನೇರ ಮುಖಕ್ಕೆ. ಹಿಂದೆ ಕೂರಿಸಿ, ಹೆಲ್ಮೆಟ್ ಹಾಕಿ.

ಆಡಿ ಬಂದ ತಕ್ಷಣ ಕೈಕಾಲು ಮುಖ ತೊಳೆಸಿ, ಬಟ್ಟೆ ಬದಲಿಸಿ. ಹೊರಗಿನ ಬಟ್ಟೆಯಲ್ಲೇ ಹಾಸಿಗೆ ಏರುವುದು ಬೇಡ. ರಾತ್ರಿ ಮಲಗುವ ಮುನ್ನ ತಲೆಗೂದಲನ್ನು ಒದ್ದೆ ಬಟ್ಟೆಯಿಂದ ಒರೆಸಿದರೂ ಪ್ರಯೋಜನವಿದೆ. ಹಾಸಿಗೆಯ ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಕಳೆ ಹೂ ಬಿಟ್ಟಿರುವ ಬೇಲಿಯ ಮೇಲೆ ಮಗುವಿನ ಬಟ್ಟೆ ಒಣಹಾಕಬೇಡಿ. ಬೆಳಗಿನ ಗಾಳಿ ಎದ್ದಿರುವಾಗ ಮಗು ಮಲಗುವ ಕೋಣೆಯ ಕಿಟಕಿ ಮುಚ್ಚಿರಲಿ. ಕಸ ಗುಡಿಸುವಾಗ ಮಗು ಆ ಕೋಣೆಯಲ್ಲಿರುವುದು ಬೇಡ. ಒಣಪೊರಕೆಗಿಂತ ಒದ್ದೆಬಟ್ಟೆ ಒಳ್ಳೆಯದು.

ಮೂಗು ಕಟ್ಟಿದ್ದರೆ ಉಪ್ಪುನೀರಿನ ಹನಿ ಒಳ್ಳೆಯ ಮದ್ದು. ಮೆಡಿಕಲ್ ಶಾಪಿನಲ್ಲಿ ಸಿಗುವ ಸಲೈನ್ ಹನಿ ಸುಲಭ. ಮನೆಯಲ್ಲೇ ಮಾಡುವುದಾದರೆ, ಕುದಿಸಿ ಆರಿಸಿದ 250 ಮಿ.ಲೀ. ನೀರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು. ದಿನಾ ಹೊಸದಾಗಿ ಮಾಡಿ. ಬೋರ್‌ವೆಲ್ ನೀರನ್ನು ಕುದಿಸದೆ ಮೂಗಿಗೆ ಹಾಕಬಾರದು. ಬಿಸಿನೀರಿನ ಪಾತ್ರೆಯ ಮುಂದೆ ಕಂಬಳಿ ಹೊದಿಸಿ ಮಗುವಿಗೆ ಹಬೆ ಹಿಡಿಸುವುದರಿಂದ ಸುಟ್ಟ ಗಾಯಗಳಾಗುವ ಅಪಾಯವೇ ಹೆಚ್ಚು. ಅರಿಸಿನದ ಕೊಂಬು ಸುಟ್ಟ ಹೊಗೆ, ಸಾಂಬ್ರಾಣಿ, ಸೊಳ್ಳೆಬತ್ತಿ, ಬೀಡಿ ಸಿಗರೇಟು ಇವೆಲ್ಲ ಕೆರಳಿದ ಮೂಗನ್ನು ಇನ್ನಷ್ಟು ಕೆರಳಿಸುತ್ತವೆ.

ಔಷಧಕ್ಕೆ ಹೆದರಬೇಡಿ, ಅರೆಬರೆ ಮಾಡಬೇಡಿ

ಇಷ್ಟಕ್ಕೂ ಹತೋಟಿಗೆ ಬಾರದಿದ್ದರೆ ಮಕ್ಕಳ ವೈದ್ಯರ ಬಳಿ ಹೋಗಿ. ಅಲರ್ಜಿ ಮಾತ್ರೆಗಳಲ್ಲಿ ಹಳೆಯ ಬಗೆಯವು ನಿದ್ದೆ ಬರಿಸುತ್ತವೆ. ಪರೀಕ್ಷೆಯ ಕಾಲದಲ್ಲಿ ಅದು ತೊಂದರೆ. ಹೊಸ ಬಗೆಯವುಗಳಲ್ಲಿ ಆ ಕಾಟ ಕಡಿಮೆ, ಕೇಳಿ ಬರೆಸಿಕೊಳ್ಳಿ. ಅಲರ್ಜಿಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಚೀಟಿಯಿಲ್ಲದೆ ಅಂಗಡಿಯಲ್ಲಿ ಕಟ್ಟಿಕೊಡುವ ಮಾತ್ರೆಗಳ ಪೊಟ್ಟಣ ಬೇಡ. ಮೂಗು ಬಿಡಿಸುವ ಹನಿ ಒಂದೇ ನಿಮಿಷದಲ್ಲಿ ಸುಖ ಕೊಡುತ್ತದೆ ನಿಜ, ಆದರೆ ಹಲವು ದಿನ ಬಳಸಿದರೆ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ವೈದ್ಯರು ಮೂಗಿನ ಸ್ಟೀರಾಯ್ಡ್ ಸ್ಪ್ರೇ ಬರೆದರೆ ‘ಸ್ಟೀರಾಯ್ಡ್’ ಎಂಬ ಹೆಸರಿಗೇ ಗಾಬರಿಯಾಗಬೇಡಿ. ಅದರ ಪ್ರಮಾಣ ಬಹಳ ಸಣ್ಣದು, ಕೆಲಸ ಮಾಡುವುದು ಮೂಗಿನೊಳಗೆ. ಒಂದೇ ದಿನದಲ್ಲಿ ಗುಣ ಕಾಣುವುದಿಲ್ಲ; ವಾರ, ಎರಡು ವಾರ ದಿನವೂ ಬಳಸಬೇಕು. ತಲೆಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಸ್ಪ್ರೇಯ ತುದಿಯನ್ನು ಮೂಗಿನ ನಡುಗೋಡೆಗಲ್ಲ, ಆಯಾ ಕಡೆಯ ಕಣ್ಣಿನ ಹೊರ ತುದಿಯ ದಿಕ್ಕಿಗೆ ತಿರುಗಿಸಿ ಒತ್ತಬೇಕು. ಪ್ರತಿ ವರ್ಷ ಒಂದೇ ಕಾಲಕ್ಕೆ ಬರುವ ಅಲರ್ಜಿಯಾದರೆ ಆ ಕಾಲಕ್ಕೆ ಎರಡು ವಾರ ಮುಂಚೆಯೇ ಶುರುಮಾಡಲು ವೈದ್ಯರು ಹೇಳಬಹುದು.

ಮೂಗಿನ ಅಲರ್ಜಿ ಎದೆಗಿಳಿದರೆ ಅದೇ ಉಬ್ಬಸ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಗಮನಿಸಿ ದಾಖಲಿಸಿದ ಪ್ರಕಾರ, 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿದ್ದ ಉಬ್ಬಸ 1999ರ ಹೊತ್ತಿಗೆ 29.5ಕ್ಕೆ ಏರಿತ್ತು. ವಾಹನದ ಹೊಗೆ, ಊರು ಬೆಳೆಯುವ ಧೂಳು ಅದಕ್ಕೆ ಕುಮ್ಮಕ್ಕು. ದೇವನಹಳ್ಳಿ ಸುತ್ತಮುತ್ತ ಇಂದು ಅಂಥ ಧೂಳಿಗೇನೂ ಬರವಿಲ್ಲ. ರಾತ್ರಿ ಕೆಮ್ಮು, ಓಡಿದರೆ ಏದುಸಿರು, ಎದೆಯಲ್ಲಿ ಸುಂಯ್ ಎನ್ನುವ ಸದ್ದು ಇದ್ದರೆ ತಡಮಾಡದೆ ತೋರಿಸಿ. ಇನ್‌ಹೇಲರ್ ಚಟವಾಗುತ್ತದೆ ಎನ್ನುವ ಮಾತು ಸುಳ್ಳು. ಸ್ಪೇಸರ್ ಜೋಡಿಸಿ ಕೊಟ್ಟರೆ ಪುಟ್ಟ ಮಗುವೂ ಸಲೀಸಾಗಿ ಎಳೆದುಕೊಳ್ಳುತ್ತದೆ.

ಉಸಿರೆಳೆಯುವಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುವುದು, ಒಂದು ವಾಕ್ಯ ಪೂರ್ತಿ ಹೇಳಲಾಗದಿರುವುದು, ತುಟಿ ನೀಲಿಯಾಗುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೊರಡಿ.

ಮಕ್ಕಳೇ, ಇದು ನಿಮಗೆ

ಪರಾಗ ನಿಜವಾಗಿ ಕೆಟ್ಟದ್ದಲ್ಲ. ಅದಿಲ್ಲದಿದ್ದರೆ ಹುಣಸೆಹಣ್ಣೂ ಇಲ್ಲ, ಮಾವೂ ಇಲ್ಲ, ರಾಗಿಮುದ್ದೆಯೂ ಇಲ್ಲ. ನಿಮ್ಮ ಮೂಗಿನ ಕಾವಲುಗಾರ ಅದನ್ನು ಕಳ್ಳನೆಂದು ತಪ್ಪು ತಿಳಿದು ‘ಹಾಕ್ಷೀ’ ಎಂದು ಆಚೆ ಓಡಿಸುತ್ತಾನೆ, ಅಷ್ಟೇ. ಸೀನುವ ಗೆಳೆಯನನ್ನು ನೋಡಿ ನಗಬೇಡಿ, ದೂರವೂ ಕೂರಬೇಡಿ. ಅಲರ್ಜಿ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ.

ನಿಮಗೆ ಅಲರ್ಜಿ ಇಲ್ಲದಿದ್ದರೆ ಒಂದು ಪ್ರಯೋಗ ಮಾಡಿ. ಮುಸುಕಿನ ಜೋಳದ ತುದಿಯ ಸೂಲಂಗಿಯನ್ನು ಕಪ್ಪು ಕಾಗದದ ಮೇಲೆ ಮೆಲ್ಲಗೆ ತಟ್ಟಿ. ಹಳದಿ ಪುಡಿ ಉದುರುತ್ತದೆ. ಇದು ಗಾಳಿ ಹೂವು. ಈಗ ದಾಸವಾಳದ ನಡುದಂಡೆಯನ್ನು ಬೆರಳಿನಿಂದ ಮುಟ್ಟಿ. ಪುಡಿ ಬೆರಳಿಗೆ ಅಂಟಿಕೊಳ್ಳುತ್ತದೆ. ಇದು ದುಂಬಿಗಳನ್ನೂ ಹಕ್ಕಿಗಳನ್ನೂ ಕರೆಯುವ ಹೂವು. ಮನೆಯ ಸುತ್ತ ಯಾವುದು ಯಾವ ಗುಂಪಿನದು ಎಂದು ಪಟ್ಟಿ ಮಾಡಿ.

ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಎಲೆಯ ಮೇಲೆ ತಿಳಿಹಳದಿ ಬೆನ್ನಿಗೆ ಕಂದು ಗೆರೆಗಳಿರುವ ಪುಟ್ಟ ಜೀರುಂಡೆ ಕಂಡರೆ ಮುಟ್ಟದೆ ಬಿಟ್ಟುಬಿಡಿ. ಆ ಗಿಡವನ್ನು ತಿನ್ನಲೆಂದೇ ವಿಜ್ಞಾನಿಗಳು ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆಯ ವಂಶ ಅದು. ನೀವು ಸೀನದಿರಲೆಂದು ಅದು ಊಟ ಮಾಡುತ್ತಿದೆ.