ಹೇಗೂ ರೂಮಲ್ಲೇ ಇರ್ತೀಯಲ್ಲ

ಕೆಲಸದ ಮೇಲೆ ಬೇರೆ ಊರಿಗೆ ಹೋದವರಿಗೆ ಸಂಜೆ ಅನ್ನೋದೇ ಇರಲ್ಲ ಅಂತ ನಮ್ಮ ಐಟಿ ಕಂಪನಿಗಳು ತೀರ್ಮಾನ ಮಾಡಿಬಿಟ್ಟಿವೆ. ಬೆಂಗಳೂರಲ್ಲಿದ್ದರೆ ಮನೆ, ಮಗು, ಟ್ರಾಫಿಕ್ಕು ಅಂತ ಏನಾದರೂ ನೆಪ ಹೇಳಬಹುದು. ಹೈದರಾಬಾದಿನ ಹೋಟೆಲಲ್ಲಿ ಒಬ್ಬನೇ ಇದ್ದೀಯ ಅಂದಮೇಲೆ ನಿನಗೇನಯ್ಯಾ ಅಂಥ ಕೆಲಸ? "ಹೇಗೂ ರೂಮಲ್ಲೇ ಇರ್ತೀಯಲ್ಲ, ಒಂಬತ್ತಕ್ಕೆ ಒಂದು ಕಾಲ್ ಹಾಕ್ಕೊಳ್ಳೋಣ." ಈ ಮಾತನ್ನ ಒಬ್ಬರಲ್ಲ, ಮೂರು ಜನ ಮ್ಯಾನೇಜರ್‌ಗಳ ಬಾಯಲ್ಲಿ ಕೇಳಿದ್ದೀನಿ. ನಾನು ರೂಮಲ್ಲಿ ಇರ್ತೀನಿ ಅಂತ ಇವರಿಗೆ ಹೇಳಿದ್ದು ಯಾರು?

ನಮ್ಮಪ್ಪ ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಹಾಕೋಕೆ ಹೋದರೆ ತೂಕ ಆಗೋತನಕ ಕಾಯಬೇಕಿತ್ತು. ಒಮ್ಮೊಮ್ಮೆ ರಾತ್ರಿಯೂ ಅಲ್ಲೇ. ಬೆಣ್ಣೆದೋಸೆ ತಿಂದು, ಪರಸ್ಥಳದವರ ಹತ್ರ ಹರಟೆ ಹೊಡೆದು, ಮಂಡಕ್ಕಿ ಕಟ್ಟಿಸಿಕೊಂಡು ಬರೋರು. ಆ ಹೊತ್ತು ಅವರದ್ದು ಅನ್ನೋದರಲ್ಲಿ ದಲ್ಲಾಳಿಗೂ ಅನುಮಾನ ಇರಲಿಲ್ಲ. ಬಿಇ ಓದಿದ ನಮಗೆ ಆ ಹೊತ್ತು ಹೇಗೆ ಕಳೆದುಹೋಯ್ತು?

ಅರ್ಧ ತಪ್ಪು ಕಂಪನಿದು, ಇನ್ನರ್ಧ ನಮ್ಮ ಜನದ್ದು. ಆರು ಗಂಟೆಗೆ ಕ್ಲೈಂಟ್ ಆಫೀಸಿಂದ ಬಂದವರೇ ಎಸಿ ಹಾಕಿ, ಸ್ವಿಗ್ಗಿಯಲ್ಲಿ ಬಿರಿಯಾನಿ ತರಿಸಿ, ರೀಲ್ಸ್ ನೋಡ್ತಾ "ಟೈಂಪಾಸೇ ಆಗ್ತಿಲ್ಲ ಗುರೂ" ಅಂತ ಮೆಸೇಜ್ ಹಾಕ್ತಾರೆ. ಸುಸ್ತಂತೆ. ಬೆಳಗಿಂದ ಸಂಜೆತನಕ ಕುರ್ಚಿ ಮೇಲೆ ಕೂತ ಸುಸ್ತಿಗೆ ಮತ್ತೆ ಮಂಚದ ಮೇಲೆ ಕೂರೋದು ಯಾವ ಊರಿನ ಮದ್ದು?

ಹೈಟೆಕ್ ಸಿಟಿಯಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ರೈಲು ಬದಲಾಯಿಸಿ, ಎಂಜಿಬಿಎಸ್‌ನಲ್ಲಿ ಇಳೀರಿ. ಮೂಸಿ ನದಿ ದಾಟಿ, ಮದೀನಾ, ಪತ್ತರ್‌ಗಟ್ಟಿ ಹಾದು ಆರಾಮವಾಗಿ ನಡೆದರೆ ಚಾರ್‌ಮಿನಾರ್. 1591ರಲ್ಲಿ ಕಟ್ಟಿದ್ದು, ನಿಮ್ಮ ಡೆಡ್‌ಲೈನಿಗಾಗಿ ಎಲ್ಲೂ ಓಡಿಹೋಗಲ್ಲ. ಪಕ್ಕದ ಲಾಡ್ ಬಜಾರಿನಲ್ಲಿ ಬಳೆ ಅಂಗಡಿಗಳ ದೀಪ ನೋಡೋಕೆ ಜೊತೆಗಾರ ಬೇಕಾಗಿಲ್ಲ. ಇರಾನಿ ಚಹಾ ಅಂತೂ ಒಂಟಿಯಾಗಿ ನಿಂತು ಕುಡಿಯೋರಿಗಂತಲೇ ಮಾಡಿದ್ದು, ಉಸ್ಮಾನಿಯಾ ಬಿಸ್ಕತ್ತು ಅದ್ದಿಕೊಂಡು. ವಾರಾಂತ್ಯ ಅಲ್ಲೇ ಸಿಕ್ಕಿಕೊಂಡರೆ ಭಾನುವಾರ ಅಬಿಡ್ಸ್ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರಡಿರ್ತಾರೆ. ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಶುಕ್ರವಾರ ರಜೆ, ಭಾನುವಾರ ಇಲ್ಲ. ಅಲ್ಲೊಂದು ಗಡಿಯಾರ ಇದೆ, ಗಂಟೆಗೊಮ್ಮೆ ಪುಟ್ಟ ಗೊಂಬೆ ಹೊರಗೆ ಬಂದು ಗಂಟೆ ಬಾರಿಸುತ್ತೆ. ಅಷ್ಟಕ್ಕೇ ಜನ ಬೆಂಚಿನ ಮೇಲೆ ಕಾದು ಕೂತಿರ್ತಾರೆ. ಕಾಯೋದನ್ನೇ ಖುಷಿಯಾಗಿ ಮಾಡೋ ಅಷ್ಟು ಜನರನ್ನ ನಾನು ಬೇರೆಲ್ಲೂ ನೋಡಿಲ್ಲ. ಬೀದರ್, ಕಲಬುರಗಿ, ರಾಯಚೂರಿನವರಿಗಂತೂ ಇದು 1956ರವರೆಗೆ ರಾಜಧಾನಿಯಾಗಿದ್ದ ಊರು. ಕಾಚಿಗುಡಾ ಕಡೆ ಹೋದರೆ ಕನ್ನಡವೂ ಕಿವಿಗೆ ಬೀಳುತ್ತೆ.

"ಇದೆಲ್ಲ ಗಂಡಸರಿಗೆ ಸುಲಭ" ಅಂತ ನಮ್ಮ ಟೀಮಿನ ಹುಡುಗಿಯೊಬ್ಬಳು ಅಂದಳು. ನಿಜ. ರಾತ್ರಿ ಎಂಟಕ್ಕೆ ಒಬ್ಬಳೇ ಹೊರಟರೆ ರಿಸೆಪ್ಷನ್ನಿನವನೂ ಒಂಥರಾ ನೋಡ್ತಾನೆ. ಆದರೆ ಅವಳನ್ನ ಕೂಡಿಹಾಕೋದು ಆ ನೋಟ ಒಂದೇ ಅಲ್ಲ. ಆಫೀಸಿಗೆ ಹತ್ತಿರ, ಬಾಡಿಗೆ ಕಮ್ಮಿ ಅಂತ ಫುಟ್‌ಪಾತೇ ಇಲ್ಲದ ರಸ್ತೆಯಲ್ಲಿ ಹೋಟೆಲ್ ಬುಕ್ ಮಾಡೋರು ನಮ್ಮ ಟ್ರಾವೆಲ್ ಡೆಸ್ಕಿನವರು. ಮೆಟ್ರೋ ಸ್ಟೇಷನ್ ಪಕ್ಕ ರೂಮ್ ಕೊಡಿ ಅಂತ ಕೇಳಿದರೆ "ಪಾಲಿಸಿಯಲ್ಲಿಲ್ಲ". ಊಟದ ದುಡ್ಡಿಗೂ ಜಿಎಸ್‌ಟಿ ಬಿಲ್ ಬೇಕಂತೆ. ಚಹಾ ಅಂಗಡಿಯವನು ಜಿಎಸ್‌ಟಿ ನಂಬರ್ ಎಲ್ಲಿಂದ ತರ್ತಾನೆ? ಹೋಟೆಲಿನ ಕೆಳಗಿನ ರೆಸ್ಟೋರೆಂಟಲ್ಲಿ ಮುನ್ನೂರು ರೂಪಾಯಿಯ ತಣ್ಣಗಿನ ಪನೀರ್ ತಿಂದರೆ ಮಾತ್ರ ಕ್ಲೇಮ್ ಪಾಸ್. ಪಾಲಿಸಿ ಬರೆದವರಿಗೆ ನಾವು ರೂಮಿನಲ್ಲೇ ಇರಬೇಕು, ಅಷ್ಟೇ.

ಹಾಗಾಗಿ ನಾನು ಟೂರಿನ ದಿನ ಕ್ಯಾಲೆಂಡರಿನಲ್ಲಿ ಆರೂವರೆಯಿಂದ ಒಂಬತ್ತೂವರೆ ಬ್ಲಾಕ್ ಮಾಡ್ತೀನಿ. ಪ್ರೊಡಕ್ಷನ್ ಬಿದ್ದುಹೋದರೆ ಫೋನ್ ಮಾಡಲಿ, ಎತ್ತುತ್ತೀನಿ. ಸ್ಟೇಟಸ್ ಕೇಳೋಕೆ ಬೇಡ. ಬ್ಲಾಕ್ ಮಾಡಿದ ಜಾಗದಲ್ಲಿ "ಪರ್ಸನಲ್" ಅಂತ ಕದ್ದು ಬರೆಯೋದೂ ಇಲ್ಲ, "ಚಾರ್‌ಮಿನಾರ್" ಅಂತಲೇ ಹಾಕಿರ್ತೀನಿ. ಮೊನ್ನೆ ಮ್ಯಾನೇಜರ್ ಅದು ಯಾವ ಕ್ಲೈಂಟಿನ ಪ್ರಾಜೆಕ್ಟು ಅಂತ ಕೇಳಿದರು.